ಒಸಾಕ ನಗರದಲ್ಲಿ ಊಟ ವಸತಿ

ಹೊಸ ಊರೊಂದಕ್ಕೆ ಸಂಜೆಯ ಹೊತ್ತಿನಲ್ಲಿ ಬಂದಿಳಿಯುವ ಪ್ರವಾಸಿಯನ್ನು ಮೊದಲು ಕಾಡುವ ಪ್ರಶ್ನೆಗಳು ಎರಡೇ. ಊಟ ಎಲ್ಲಿ? ರಾತ್ರಿ ತಂಗುವುದು ಎಲ್ಲಿ? ಆ ಊರಿನ ಕೋಟೆಕೊತ್ತಲಗಳು, ಗುಡಿಗೋಪುರಗಳು, ಪ್ರಸಿದ್ಧವಾದ ಉದ್ಯಾನಗಳು, ಇವೆಲ್ಲ ಮರುದಿನದ ಮಾತು. ಹಸಿವು ಮತ್ತು ಆಯಾಸಗಳು ಮರುದಿನದವರೆಗೆ ಕಾಯಲಾರವು.

ಜಪಾನ್ ದೇಶದ ಒಸಾಕ ನಗರಕ್ಕೆ ಬರುವ ಪರದೇಶದ ಪ್ರವಾಸಿಗೆ ಈ ಪ್ರಶ್ನೆಗಳು ಇನ್ನಷ್ಟು ಜಟಿಲವಾಗಿ ತೋರುತ್ತವೆ. ಸುಮಾರು 27 ಲಕ್ಷ ಜನರು ವಾಸಿಸುವ ಮಹಾನಗರ ಅದು. ಉತ್ತರದಲ್ಲಿ ಉಮೆದ, ದಕ್ಷಿಣದಲ್ಲಿ ನಂಬ, ಇವು ಅಲ್ಲಿನ ಎರಡು ದೊಡ್ಡ ರೈಲು ಕೇಂದ್ರಗಳು. ಇವೆರಡರ ನಡುವೆ 1930ರ ದಶಕದಿಂದಲೂ ನೆಲದಡಿಯ ರೈಲು ಓಡಾಡುತ್ತಿದೆ. ಈ ನಿಲ್ದಾಣಗಳಿಂದ ಹೊರಬಂದವನ ಕಣ್ಣಿಗೆ ಬೀಳುವುದು ಸಾಲುಸಾಲಾದ ದೀಪಗಳು, ಓದಲು ಬಾರದ ಲಿಪಿಯ ಫಲಕಗಳು, ಒಂದರ ಮೇಲೊಂದು ಏರಿಸಿಟ್ಟಂತಿರುವ ಉಪಾಹಾರಗೃಹಗಳು. ಭಾಷೆ ತಿಳಿಯದು, ಬೆಲೆ ತಿಳಿಯದು, ಕೇಳಲು ಪರಿಚಿತರಿಲ್ಲ. ಹೀಗಿದ್ದರೂ ಆತನು ಅರ್ಧ ಗಂಟೆಯೊಳಗೆ ತನಗೆ ಬೇಕಾದ ಅಂಗಡಿಯನ್ನು ಹುಡುಕಿಕೊಂಡು ಕುಳಿತಿರುತ್ತಾನೆ. ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಬೇಕಾದರೆ ಆ ಊರಿನ ಸ್ವಭಾವವನ್ನು ಸ್ವಲ್ಪ ಅರಿಯಬೇಕು.

ಒಸಾಕ ಮೊದಲಿನಿಂದಲೂ ವರ್ತಕರ ಊರು. 1583ರಲ್ಲಿ ತೊಯೊತೊಮಿ ಹಿದೆಯೋಶಿ ಎಂಬ ಸೇನಾನಾಯಕನು ಇಲ್ಲಿ ಕೋಟೆಯನ್ನು ಕಟ್ಟಿಸಲು ತೊಡಗಿದನು. ಮುಂದೆ ರಾಜಕೀಯ ಅಧಿಕಾರವು ಪೂರ್ವದ ಎದೊ ಪಟ್ಟಣಕ್ಕೆ, ಎಂದರೆ ಇಂದಿನ ಟೋಕಿಯೋಗೆ, ಹೋದರೂ ವ್ಯಾಪಾರವು ಒಸಾಕದಲ್ಲಿಯೇ ನೆಲೆನಿಂತಿತು. ನಾನಾ ಪ್ರಾಂತಗಳ ಸಾಮಂತರು ತಮ್ಮ ಕಂದಾಯದ ಅಕ್ಕಿಯನ್ನು ಇಲ್ಲಿನ ನದೀತೀರದ ಉಗ್ರಾಣಗಳಿಗೆ ಸಾಗಿಸಿ ಮಾರುತ್ತಿದ್ದರು. ದೋಜಿಮ ಎಂಬಲ್ಲಿದ್ದ ಅಕ್ಕಿಯ ಪೇಟೆಗೆ 1730ರಲ್ಲಿ ಸರ್ಕಾರದ ಮನ್ನಣೆ ದೊರೆಯಿತು. ಮುಂದೆ ಕೈಸೇರಲಿರುವ ಅಕ್ಕಿಯನ್ನು ಇಂದಿನ ಮಾತಿನ ಮೇಲೆಯೇ ಕೊಂಡು ಮಾರುವ ವ್ಯವಹಾರ ಅಲ್ಲಿ ಕ್ರಮಬದ್ಧವಾಗಿ ನಡೆಯುತ್ತಿತ್ತು. ಅಕ್ಕಿ, ಮೀನು, ಕಡಲಪಾಚಿ, ಸೋಯಾ ರಸ ಎಲ್ಲವೂ ಬಂದು ಸೇರುತ್ತಿದ್ದುದರಿಂದ ಒಸಾಕಕ್ಕೆ ‘ದೇಶದ ಅಡುಗೆಮನೆ’ ಎಂಬ ಹೆಸರಾಯಿತು. ಕ್ಯೋಟೊ ನಗರದವರು ಉಡುಪಿಗೆ ಸುರಿದು ದಿವಾಳಿಯಾಗುತ್ತಾರೆ, ಒಸಾಕದವರು ತಿಂದು ದಿವಾಳಿಯಾಗುತ್ತಾರೆ ಎಂದು ಜಪಾನೀಯರು ತಮಾಷೆ ಮಾಡುವುದುಂಟು. ಒಸಾಕದವರು ಈ ಮಾತಿಗೆ ಕೋಪಿಸಿಕೊಳ್ಳುವುದಿಲ್ಲ.

ವರ್ತಕನಿಗೆ ಅಪರಿಚಿತನೇ ಬಂಡವಾಳ. ಆದುದರಿಂದ ಒಳಗೆ ಏನಿದೆ, ಅದರ ಬೆಲೆ ಎಷ್ಟು, ಅಂಗಡಿ ಎಂತಹುದು ಎಂಬ ಸಂಗತಿಗಳನ್ನು ಬಾಗಿಲಿನ ಹೊರಗಡೆಯೇ ತಿಳಿಸುವ ಅನೇಕ ಉಪಾಯಗಳನ್ನು ಈ ಊರು ಬೆಳೆಸಿಕೊಂಡಿತು. ಇವುಗಳಲ್ಲಿ ಅತ್ಯಂತ ಹಳೆಯದೂ ಜಪಾನಿಗೆಲ್ಲ ಸಾಮಾನ್ಯವಾದುದೂ ‘ನೋರೆನ್’ ಎಂಬ ಪರದೆ. ಬಾಗಿಲಿನ ಮೇಲ್ಭಾಗದಲ್ಲಿ ತೂಗಾಡುವ, ನಡುವೆ ಸೀಳಿರುವ ಬಟ್ಟೆ ಅದು. ಅದರ ಮೇಲೆ ಅಂಗಡಿಯ ಹೆಸರೋ ಗುರುತೋ ಇರುತ್ತದೆ. ನೋರೆನ್ ತೂಗುತ್ತಿದ್ದರೆ ಅಂಗಡಿ ತೆರೆದಿದೆ ಎಂದು ಅರ್ಥ. ಅದನ್ನು ಒಳಗೆ ತೆಗೆದುಕೊಂಡರೆ ಆ ದಿನದ ವ್ಯಾಪಾರ ಮುಗಿಯಿತು. ಆದರೆ ಈ ಬಟ್ಟೆಯ ಬೆಲೆ ಅಷ್ಟರಲ್ಲೇ ಮುಗಿಯುವುದಿಲ್ಲ. ಬಹುಕಾಲ ನಂಬಿಕೆಯಿಂದ ದುಡಿದ ಕೆಲಸಗಾರನಿಗೆ ಯಜಮಾನನು ಅದೇ ಹೆಸರಿನಲ್ಲಿ ಬೇರೆ ಅಂಗಡಿಯನ್ನು ಇಡಲು ಅನುಮತಿ ಕೊಡುವ ಪದ್ಧತಿ ಇದೆ. ಅದನ್ನು ‘ನೋರೆನ್ ಹಂಚಿಕೊಡುವುದು’ ಎನ್ನುತ್ತಾರೆ. ಹೀಗೆ ಪಡೆದ ಹೆಸರಿಗೆ ಕಳಂಕ ತಂದರೆ ಕೆಡುವುದು ಒಬ್ಬನ ವ್ಯಾಪಾರವಲ್ಲ. ಹೆಸರು ಕೊಟ್ಟವನ ಮನೆಯ ಮಾನವೂ ಅದರೊಡನೆ ಹೋಗುತ್ತದೆ.

ನೋರೆನ್ ಓದಲು ಅಕ್ಷರಜ್ಞಾನ ಬೇಕು. ಅದೂ ಇಲ್ಲದವನಿಗೆ ನೆರವಾಗುವುದು ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿರುವ ಕೃತಕ ತಿಂಡಿಗಳು. ಬಟ್ಟಲಿನಲ್ಲಿ ಹಬೆಯಾಡುತ್ತಿರುವಂತೆ ತೋರುವ ಶ್ಯಾವಿಗೆ, ತಟ್ಟೆಯಲ್ಲಿ ಎಣ್ಣೆ ಜಿನುಗುತ್ತಿರುವಂತೆ ಕಾಣುವ ಕರಿದ ತರಕಾರಿ, ಲೋಟದಲ್ಲಿ ನೊರೆಯುಕ್ಕುವ ಪಾನೀಯ, ಎಲ್ಲವೂ ಮೇಣದ ಅಥವಾ ಪ್ಲಾಸ್ಟಿಕ್ಕಿನ ಗೊಂಬೆಗಳೇ. ಪ್ರತಿಯೊಂದರ ಮುಂದೆಯೂ ಬೆಲೆಯ ಚೀಟಿ ಇರುತ್ತದೆ. ಇಂತಹ ಮಾದರಿಗಳನ್ನು ಕೆಲವರು ಮೊದಲೇ ತಯಾರಿಸುತ್ತಿದ್ದರೂ ಅದನ್ನೊಂದು ಉದ್ಯಮವಾಗಿ ಬೆಳೆಸಿದವರು ಇವಾಸಾಕಿ ತಾಕಿಜೊ. ಗಿಫು ಪ್ರಾಂತದ ಗುಜೊ ಎಂಬ ಬೆಟ್ಟದ ಊರಿನಿಂದ ಒಸಾಕಕ್ಕೆ ಬಂದ ಅವರು 1932ರಲ್ಲಿ ಈ ಕೆಲಸವನ್ನು ಆರಂಭಿಸಿದರು. ಅವರು ಮೊದಲು ಮೇಣದಲ್ಲಿ ಮಾಡಿದ ಮೊಟ್ಟೆದೋಸೆಯನ್ನು ಕಂಡು ಅವರ ಪತ್ನಿಗೇ ಅದು ನಿಜವೋ ಸುಳ್ಳೋ ತಿಳಿಯಲಿಲ್ಲವೆಂದು ಹೇಳುತ್ತಾರೆ. ಪ್ರವಾಸಿಯು ಅಂಗಡಿಯವನನ್ನು ಹೊರಗೆ ಕರೆದು ಬೇಕಾದುದನ್ನು ಬೆರಳಿನಿಂದ ತೋರಿಸಿದರೆ ಸಾಕು, ಭಾಷೆಯ ತೊಡಕು ಅಲ್ಲಿಗೆ ಪರಿಹಾರವಾಗುತ್ತದೆ. ಗೊಂಬೆಯಲ್ಲಿ ಎಷ್ಟು ಹೋಳುಗಳಿವೆಯೋ ಒಳಗೆ ಬರುವ ತಟ್ಟೆಯಲ್ಲಿಯೂ ಅಷ್ಟೇ ಇರಬೇಕೆಂದು ಗ್ರಾಹಕನು ನಿರೀಕ್ಷಿಸುತ್ತಾನೆ. ಇಲ್ಲಿ ಸುಳ್ಳು ವಸ್ತುವೇ ನಿಜಕ್ಕೆ ಸಾಕ್ಷಿಯಾಗಿ ನಿಂತಿದೆ ಎನ್ನಬಹುದು.

ಅಗ್ಗದ ಊಟವನ್ನು ಅರಸುವವರಿಗೆ ಉಮೆದ ನಿಲ್ದಾಣದ ಇತಿಹಾಸದಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗವಿದೆ. ಹಾಂಕ್ಯು ರೈಲು ಸಂಸ್ಥೆಯ ಕೊಬಾಯಾಶಿ ಇಚಿಜೊ ಅವರು 1929ರಲ್ಲಿ ನಿಲ್ದಾಣದ ಮಗ್ಗುಲಲ್ಲಿಯೇ ಬಹು ಅಂತಸ್ತುಗಳ ದೊಡ್ಡ ಮಳಿಗೆಯೊಂದನ್ನು ತೆರೆದರು. ಅದರ ಮೇಲಿನ ಅಂತಸ್ತಿನ ಭೋಜನಶಾಲೆಯಲ್ಲಿ ಅನ್ನದ ಮೇಲೆ ಮಸಾಲೆಯ ಸಾರನ್ನು ಬಡಿಸಿಕೊಡುವ ‘ಕರೀ ರೈಸ್’ ಬಹಳ ಜನಪ್ರಿಯವಾಯಿತು. ಭಾರತದ ಅಡುಗೆಯು ಬ್ರಿಟಿಷರ ಕೈಗೆ ಸಿಕ್ಕಿ, ರೂಪಾಂತರ ಹೊಂದಿ ಜಪಾನನ್ನು ಸೇರಿದ ಬಗೆ ಅದು. ಕರ್ನಾಟಕದ ಮನೆಗಳ ಸಾರಿಗೂ ಅದಕ್ಕೂ ಸಂಬಂಧವನ್ನು ಹುಡುಕುವುದು ಕಷ್ಟ. ಅಷ್ಟರಲ್ಲಿ ಜಗತ್ತನ್ನೆಲ್ಲ ಆರ್ಥಿಕ ಮುಗ್ಗಟ್ಟು ಆವರಿಸಿತು. ಕರೀ ಕೊಳ್ಳಲು ಕಾಸಿಲ್ಲದ ಯುವಕರು ಬರಿಯ ಅನ್ನವನ್ನು ಮಾತ್ರ ಕೊಂಡು, ಮೇಜಿನ ಮೇಲೆ ಇಟ್ಟಿರುತ್ತಿದ್ದ ಸಾಸನ್ನು ಅದರ ಮೇಲೆ ಸುರಿದುಕೊಂಡು ಉಣ್ಣತೊಡಗಿದರು. ಅನ್ನದಲ್ಲಿ ಲಾಭವಿಲ್ಲ, ಸಾಸಿಗೆ ಬೆಲೆಯಿಲ್ಲ. ಬೇರೆ ಯಾವ ಮಾಲೀಕನಾದರೂ ಅವರನ್ನು ಹೊರಗಟ್ಟುತ್ತಿದ್ದನು. ಕೊಬಾಯಾಶಿಯವರು ಹಾಗೆ ಮಾಡಲಿಲ್ಲ. ಅನ್ನವನ್ನು ಮಾತ್ರ ಕೇಳುವವರಿಗೂ ಸ್ವಾಗತವಿದೆಯೆಂದು ಅವರು ಪ್ರಕಟಿಸಿದರು. ಆ ಅನ್ನದ ಜೊತೆಗೆ ಉಪ್ಪಿನಕಾಯಿಯನ್ನೂ ಧಾರಾಳವಾಗಿ ಕೊಡಿಸಿದರು. ಇಂದು ಬಡವರಾಗಿರುವ ಈ ಯುವಕರು ಮುಂದೆ ಸಂಸಾರವಂದಿಗರಾಗಿ ಮಕ್ಕಳೊಡನೆ ಇಲ್ಲಿಗೇ ಬರುತ್ತಾರೆ ಎಂಬುದು ಅವರ ಲೆಕ್ಕವಾಗಿತ್ತು. ಇದು ದಯೆಯೋ ವ್ಯಾಪಾರವೋ ಎಂದು ಬೇರ್ಪಡಿಸುವುದು ಸುಲಭವಲ್ಲ. ಉಂಡವರಿಗಂತೂ ಆ ಭೇದದಿಂದ ಏನೂ ಆಗಬೇಕಾಗಿರಲಿಲ್ಲ.

ಬೆಲೆಯ ಭಯವನ್ನು ಹೋಗಲಾಡಿಸಿದ ಇನ್ನೊಂದು ಉಪಾಯವೂ ಇದೇ ಸೀಮೆಯದು. ಹುಳಿ ಬೆರೆಸಿದ ಅನ್ನದ ಮೇಲೆ ಮೀನಿನ ತುಂಡನ್ನಿಟ್ಟು ಕೊಡುವ ‘ಸುಶಿ’ ಬಹುಕಾಲ ಸಾಮಾನ್ಯರ ಕೈಗೆಟುಕದ ಭಕ್ಷ್ಯವಾಗಿತ್ತು. ಒಳ್ಳೆಯ ಅಂಗಡಿಗಳಲ್ಲಿ ಬೆಲೆಯ ಪಟ್ಟಿಯೇ ಇರುತ್ತಿರಲಿಲ್ಲ. ಒಸಾಕದ ಪೂರ್ವಕ್ಕಿರುವ ಕೈಗಾರಿಕಾ ಪ್ರದೇಶದಲ್ಲಿ ಶಿರಾಇಶಿ ಯೋಶಿಆಕಿ ಎಂಬವರು ಕಾರ್ಖಾನೆಯ ಕೆಲಸಗಾರರಿಗಾಗಿ ಸಣ್ಣ ಸುಶಿ ಅಂಗಡಿಯನ್ನು ನಡೆಸುತ್ತಿದ್ದರು. ಬಡಿಸುವವರು ಸಾಲದೆ ಚಿಂತೆಯಲ್ಲಿದ್ದ ಅವರು ಒಮ್ಮೆ ಬಿಯರ್ ಕಾರ್ಖಾನೆಯಲ್ಲಿ ಸೀಸೆಗಳು ಚಲಿಸುವ ಪಟ್ಟಿಯ ಮೇಲೆ ಸಾಲಾಗಿ ಸಾಗುವುದನ್ನು ಕಂಡರು. ಸೀಸೆಗಳ ಜಾಗದಲ್ಲಿ ತಟ್ಟೆಗಳನ್ನು ಕಲ್ಪಿಸಿಕೊಂಡರು. ವರ್ಷಗಟ್ಟಲೆ ಪ್ರಯೋಗ ನಡೆಸಿ 1958ರಲ್ಲಿ, ತಟ್ಟೆಗಳು ತಾವಾಗಿಯೇ ಗ್ರಾಹಕರ ಮುಂದೆ ಹಾದುಹೋಗುವ ಉಪಾಹಾರಗೃಹವನ್ನು ತೆರೆದರು. ಪಟ್ಟಿಯ ವೇಗ ಸೆಕೆಂಡಿಗೆ ಸುಮಾರು 8 ಸೆಂಟಿಮೀಟರ್. ಅದಕ್ಕಿಂತ ನಿಧಾನವಾದರೆ ಉಣ್ಣುವವರಿಗೆ ಬೇಸರ. ಹೆಚ್ಚಾದರೆ ತಟ್ಟೆಯನ್ನು ಹಿಡಿಯುವುದು ಕಷ್ಟ. 1970ರಲ್ಲಿ ಒಸಾಕದಲ್ಲಿ ನಡೆದ ಜಾಗತಿಕ ವಸ್ತುಪ್ರದರ್ಶನಕ್ಕೆ ಆರು ಕೋಟಿಗೂ ಹೆಚ್ಚು ಜನರು ಬಂದರು. ಅಲ್ಲಿ ಈ ವಿಧಾನವನ್ನು ಕಂಡವರ ಮೂಲಕ ಅದು ದೇಶದಲ್ಲೆಲ್ಲ ಹರಡಿತು. ತಿಂದು ಮುಗಿಸಿದವನು ಖಾಲಿ ತಟ್ಟೆಗಳನ್ನು ಎಣಿಸಿ ತನ್ನ ಬಿಲ್ಲನ್ನು ತಾನೇ ಲೆಕ್ಕ ಹಾಕಬಹುದು.

ಬಿಲ್ಲಿನ ಮೇಲೆ ಇನಾಮು ಕೊಡುವ ರೂಢಿ ಜಪಾನಿನಲ್ಲಿ ಇಲ್ಲ. ಮೇಜಿನ ಮೇಲೆ ಬಿಟ್ಟುಬಂದ ಚಿಲ್ಲರೆಯನ್ನು ಹಿಂದಿರುಗಿಸಲು ಕೆಲಸಗಾರನು ಬೀದಿಯವರೆಗೆ ಓಡಿಬಂದರೆ ಅಚ್ಚರಿಯಿಲ್ಲ.

ಹಾಗೆಂದು ಎಲ್ಲವೂ ಬಾಗಿಲಿನ ಹೊರಗೆ ಕಾಣುವುದಿಲ್ಲ. ಕೆಂಪು ಕಾಗದದ ಲಾಂದ್ರ ತೂಗಹಾಕಿದ ಪಾನಗೃಹಗಳಲ್ಲಿ ಕುಳಿತೊಡನೆ, ಕೇಳದಿದ್ದರೂ, ಪುಟ್ಟ ಬಟ್ಟಲಿನಲ್ಲಿ ಏನಾದರೂ ತಂದಿಡುತ್ತಾರೆ. ಅದು ಉಚಿತವೆಂದು ಭಾವಿಸಿದವನಿಗೆ ಹೊರಡುವಾಗ ಅದರ ಬೆಲೆಯೂ ಬಿಲ್ಲಿನಲ್ಲಿ ಕಾಣಿಸುತ್ತದೆ. ಇದು ಸಣ್ಣ ಮಾತು. ಸಸ್ಯಾಹಾರಿಗೆ ಇದಕ್ಕಿಂತ ದೊಡ್ಡ ತೊಡಕು ಕಾದಿದೆ. ಭಾರತದಿಂದ ಹೋದವರಲ್ಲಿ ಅನೇಕರು ಗೊಂಬೆಯ ಪೆಟ್ಟಿಗೆಯನ್ನು ನೋಡಿ, ಮಾಂಸವಿಲ್ಲದ ಶ್ಯಾವಿಗೆಯನ್ನು ಆರಿಸಿಕೊಳ್ಳುತ್ತಾರೆ. ಒಸಾಕದ ಅಚ್ಚುಮೆಚ್ಚಿನ ‘ಕಿತ್ಸುನೆ ಉದೋನ್’ ಅಂತಹುದು: ಗೋಧಿಯ ದಪ್ಪ ಶ್ಯಾವಿಗೆ, ಅದರ ಮೇಲೆ ಸೋಯಾ ಹಾಲಿನಿಂದ ಮಾಡಿ ಎಣ್ಣೆಯಲ್ಲಿ ಕರಿದ ತೋಫುವಿನ ಹಾಳೆ, ಸುತ್ತಲೂ ತಿಳಿಯಾದ ಸಾರು. ಕಣ್ಣಿಗೆ ಎಲ್ಲವೂ ಸಸ್ಯವೇ. ಆದರೆ ಆ ಸಾರಿನ ಮೂಲ ‘ದಾಶಿ’ ಎಂಬ ಕಷಾಯ. ಅದನ್ನು ಕೊಂಬು ಎಂಬ ಕಡಲಪಾಚಿಯ ಜೊತೆಗೆ, ಬೇಯಿಸಿ ಹೊಗೆಯಲ್ಲಿ ಒಣಗಿಸಿ ಮರದಂತೆ ಗಟ್ಟಿಯಾಗಿಸಿದ ಮೀನನ್ನು ತೆಳುವಾಗಿ ಹೆರೆದು ಹಾಕಿ ತಯಾರಿಸುತ್ತಾರೆ. ಬೇಯಿಸಿದ ತರಕಾರಿಗೂ ಬೆಳಗಿನ ಸೋಯಾ ಸಾರಿಗೂ ಅದೇ ಆಧಾರ. ಇದರಲ್ಲಿ ವಂಚನೆಯೇನೂ ಇಲ್ಲ. ಕನ್ನಡನಾಡಿನ ಅಡುಗೆಯವರಿಗೆ ಒಗ್ಗರಣೆಯ ಎಣ್ಣೆಯನ್ನು ಪ್ರತ್ಯೇಕವಾಗಿ ಹೇಳಬೇಕೆಂದು ತೋರದಂತೆ ಅಲ್ಲಿನವರಿಗೆ ದಾಶಿಯನ್ನು ಹೇಳಬೇಕೆಂದು ತೋರುವುದಿಲ್ಲ, ಅಷ್ಟೆ. ಆದುದರಿಂದ ವ್ರತನಿಯಮವುಳ್ಳವನು ‘ಮಾಂಸವಿದೆಯೇ?’ ಎಂದು ಕೇಳಿದರೆ ಸಾಲದು, ‘ದಾಶಿ ಯಾವುದು?’ ಎಂದು ಕೇಳಬೇಕು.

ಈ ಕೊಂಬುವಿನ ಕತೆ ಕೇಳತಕ್ಕದ್ದು. ಅದು ಬೆಳೆಯುವುದು ಒಸಾಕದ ಕಡಲಿನಲ್ಲಿ ಅಲ್ಲ, ಬಹುದೂರದ ಉತ್ತರದಲ್ಲಿರುವ ಹೊಕ್ಕೈದೊ ದ್ವೀಪದ ತಣ್ಣನೆಯ ನೀರಿನಲ್ಲಿ. ಹಿಂದಿನ ಕಾಲದಲ್ಲಿ ಹಾಯಿಹಡಗುಗಳು ಜಪಾನಿನ ಪಶ್ಚಿಮ ಕರಾವಳಿಯನ್ನು ಬಳಸಿ ಅದನ್ನು ಒಸಾಕಕ್ಕೆ ತರುತ್ತಿದ್ದವು. ಇಲ್ಲಿನ ಅಡುಗೆಗೆ ಅದರ ರುಚಿ ಹತ್ತಿಕೊಂಡಿತು. ಉಪ್ಪು, ಹುಳಿ, ಸಿಹಿ, ಕಹಿಗಳಿಗೆ ಸೇರದ ಆ ರುಚಿಯ ಕಾರಣವನ್ನು 1908ರಲ್ಲಿ ಟೋಕಿಯೋದ ರಸಾಯನಶಾಸ್ತ್ರಜ್ಞ ಇಕೆದ ಕಿಕುನಾಎ ಅವರು ಕಂಡುಹಿಡಿದರು. ಕೊಂಬುವಿನಲ್ಲಿರುವ ಗ್ಲುಟಾಮಿಕ್ ಆಮ್ಲದಿಂದ ಅದು ಬರುತ್ತದೆಂದು ತೋರಿಸಿ, ಅದಕ್ಕೆ ‘ಉಮಾಮಿ’ ಎಂದು ಹೆಸರಿಟ್ಟರು.

ಇನ್ನು ವಸತಿ. ಜಪಾನಿನ ಸಂಪ್ರದಾಯದ ತಂಗುಮನೆಗೆ ‘ರ್ಯೊಕಾನ್’ ಎಂದು ಹೆಸರು. ಪಾದರಕ್ಷೆಗಳನ್ನು ಹೊಸ್ತಿಲಲ್ಲಿಯೇ ಬಿಡಬೇಕು. ಕೋಣೆಯಲ್ಲಿ ಮಂಚವಿಲ್ಲ, ಒಣಹುಲ್ಲಿನ ‘ತತಾಮಿ’ ಚಾಪೆಗಳ ಮೇಲೆ ರಾತ್ರಿ ಹಾಸಿಗೆ ಹಾಸಿ, ಬೆಳಗ್ಗೆ ಮಡಿಸಿ ಎತ್ತಿಡುತ್ತಾರೆ. ಉಡಲು ಕೊಡುವ ಹತ್ತಿಯ ನಿಲುವಂಗಿಯ ಎಡಗಡೆಯ ಅಂಚು ಮೇಲೆ ಬರಬೇಕು. ಬಲಗಡೆಯದು ಮೇಲೆ ಬಂದರೆ ಅದು ಶವಕ್ಕೆ ತೊಡಿಸುವ ಕ್ರಮ. ಸ್ನಾನದ ತೊಟ್ಟಿಗೆ ಇಳಿಯುವ ಮುನ್ನವೇ ಮೈ ತೊಳೆದಿರಬೇಕು, ಏಕೆಂದರೆ ಅದೇ ನೀರಿಗೆ ಇತರರೂ ಇಳಿಯುತ್ತಾರೆ. ರಾತ್ರಿಯ ಮತ್ತು ಬೆಳಗಿನ ಊಟಗಳು ಸಾಮಾನ್ಯವಾಗಿ ಬಾಡಿಗೆಯಲ್ಲಿಯೇ ಸೇರಿರುವುದರಿಂದ ಆಹಾರದ ನಿಯಮವನ್ನು ಕೋಣೆ ಕಾದಿರಿಸುವಾಗಲೇ ತಿಳಿಸಬೇಕು. ಬಂದು ಕುಳಿತ ಮೇಲೆ ಹೇಳಿದರೆ ಅಡುಗೆಯವರಿಗೂ ಸಂಕಟ, ಅತಿಥಿಗೂ ಉಪವಾಸ.

ರ್ಯೊಕಾನ್ ದುಬಾರಿ. ಕಡಮೆ ಹಣವುಳ್ಳವರಿಗೆ ಒಸಾಕವೇ ಜಗತ್ತಿಗೆ ಕೊಟ್ಟ ಹೊಸ ವಸತಿಯೊಂದಿದೆ. ನಡುರಾತ್ರಿಯ ಹೊತ್ತಿಗೆ ರೈಲುಗಳು ನಿಂತರೆ ಮರುದಿನ ನಸುಕಿನವರೆಗೆ ಅವು ಓಡುವುದಿಲ್ಲ. ಕಡೆಯ ರೈಲನ್ನು ತಪ್ಪಿಸಿಕೊಂಡ ನೌಕರರು ಉಮೆದದ ಉಗಿಸ್ನಾನದ ಮನೆಗಳಲ್ಲಿ ಎಲ್ಲೆಂದರಲ್ಲಿ ಮಲಗಿ ಬೆಳಗು ಮಾಡುತ್ತಿದ್ದರು. ಇಂತಹವರಿಗಾಗಿ ವಾಸ್ತುಶಿಲ್ಪಿ ಕುರೊಕಾವ ಕಿಶೊ ಅವರು ರೂಪಿಸಿದ, ಜಗತ್ತಿನ ಮೊದಲನೆಯ ‘ಕ್ಯಾಪ್ಸೂಲ್’ ಹೋಟೆಲು 1979ರಲ್ಲಿ ಅಲ್ಲಿ ತೆರೆಯಿತು. ಜೇನುಗೂಡಿನ ಕೋಶಗಳಂತೆ ಎರಡು ಸಾಲಾಗಿ ಜೋಡಿಸಿದ ಗೂಡುಗಳು. ಒಂದೊಂದೂ ಸುಮಾರು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ. ಒಳಗೆ ದೀಪ, ಗಡಿಯಾರ, ಹಾಸಿಗೆ. ಬೀಗ ಹಾಕುವ ಬಾಗಿಲಿಲ್ಲ, ಎಳೆದುಕೊಳ್ಳುವ ಪರದೆ ಮಾತ್ರ. ಸಾಮಾನನ್ನು ಬೇರೊಂದು ಕಪಾಟಿನಲ್ಲಿ ಇಡಬೇಕು. ನೆರೆಯವನ ಗೊರಕೆಯನ್ನು ತಡೆಯುವ ವ್ಯವಸ್ಥೆಯನ್ನು ಮಾತ್ರ ಯಾವ ಶಿಲ್ಪಿಯೂ ಇನ್ನೂ ರೂಪಿಸಿಲ್ಲ.

ಇದಕ್ಕಿಂತಲೂ ಅಗ್ಗದ ಕೋಣೆಗಳು ನಂಬದ ದಕ್ಷಿಣಕ್ಕೆ, ಶಿನ್ ಇಮಾಮಿಯ ನಿಲ್ದಾಣದ ಸಮೀಪದಲ್ಲಿ ದೊರೆಯುತ್ತವೆ. ಬೆನ್ನಿಗೆ ಚೀಲವೇರಿಸಿಕೊಂಡು ತಿರುಗುವ ತರುಣ ಪ್ರವಾಸಿಗಳು ಇವುಗಳನ್ನು ಮೆಚ್ಚುತ್ತಾರೆ. ಕೋಣೆಯೆಂದರೆ ಮೂರು ಚಾಪೆಯಷ್ಟು ಜಾಗ. ಕಿಟಕಿ ತೆರೆದರೆ ಎದುರಿನ ಗೋಡೆ. ಈ ಕೋಣೆಗಳು ಇಷ್ಟು ಚಿಕ್ಕವಾಗಿರುವುದೇಕೆ, ಬಾಡಿಗೆ ಇಷ್ಟು ಕಡಮೆಯೇಕೆ ಎಂಬುದನ್ನು ಬಾಗಿಲಿನ ಯಾವ ಫಲಕವೂ ತಿಳಿಸುವುದಿಲ್ಲ. ಆ ಕೇರಿಯ ಹಳೆಯ ಹೆಸರು ಕಾಮಗಸಾಕಿ. ಅದು ದಿನಗೂಲಿಗಳ ಕೇರಿ. 1970ರ ವಸ್ತುಪ್ರದರ್ಶನದ ಕಟ್ಟಡಗಳನ್ನೂ ಹೆದ್ದಾರಿಗಳನ್ನೂ ಕಟ್ಟಲು ದೇಶದ ಮೂಲೆಮೂಲೆಗಳಿಂದ ಗಂಡಾಳುಗಳು ಇಲ್ಲಿಗೆ ಬಂದರು. ನಸುಕಿನಲ್ಲಿ ಎದ್ದು ಕೂಲಿಗೆ ಕರೆಯುವವರಿಗಾಗಿ ಕಾಯುವುದು, ಸಿಕ್ಕರೆ ದುಡಿಯುವುದು, ರಾತ್ರಿ ಈ ಗೂಡುಗಳಿಗೆ ಮರಳುವುದು ಅವರ ಬಾಳಾಯಿತು. ಜಪಾನೀ ಭಾಷೆಯಲ್ಲಿ ತಂಗುಮನೆಗೆ ‘ಯಾದೊ’ ಎಂಬ ಮಾತುಂಟು. ಕೂಲಿಗಳು ಅಕ್ಷರಗಳನ್ನು ತಿರುಗುಮುರುಗು ಮಾಡಿ ಇವುಗಳನ್ನು ‘ದೋಯ’ ಎಂದರು. ಇದನ್ನು ಮನೆಯೆನ್ನಲು ಬಾರದೆಂಬ ಕಹಿ ಆ ಮಾತಿನಲ್ಲಿ ಅಡಗಿದೆ. 1961ರಲ್ಲಿ ಇಲ್ಲಿ ದೊಡ್ಡ ದಂಗೆಯಾಯಿತು. 1966ರಲ್ಲಿ ಅಧಿಕಾರಿಗಳು ಕೇರಿಗೆ ‘ಐರಿನ್’ ಎಂದು ಹೆಸರು ಬದಲಾಯಿಸಿದರು. ನೆರೆಹೊರೆಯ ಪ್ರೀತಿ ಎಂದು ಅದರ ಅರ್ಥ. 1990ರ ದಶಕದ ಆರಂಭದಲ್ಲಿ ಜಪಾನಿನ ಆರ್ಥಿಕ ಉಬ್ಬರ ಇಳಿದು ಕಟ್ಟಡದ ಕೆಲಸಗಳು ಕುಂದಿದವು. ಕೂಲಿಗಳಿಗೆ ವಯಸ್ಸೂ ಆಗಿತ್ತು. ಖಾಲಿಯಾದ ಕೋಣೆಗಳಲ್ಲಿ ಕೆಲವನ್ನು ಮಾಲೀಕರು ವಿದೇಶೀ ಪ್ರವಾಸಿಗಳಿಗೆ ಕೊಡತೊಡಗಿದರು. ಪ್ರವಾಸಿಯು ಇಲ್ಲಿ ತಂಗುವುದರಲ್ಲಿ ತಪ್ಪೇನಿಲ್ಲ. ಆದರೆ ಬೀದಿಯ ಬದಿಯಲ್ಲಿ ಕುಳಿತಿರುವ ಮುದುಕನನ್ನು ಕಂಡು ಮೂಗುಮುರಿಯುವ ಮೊದಲು, ತಾನು ನಿಲ್ದಾಣದಿಂದ ನಡೆದುಬಂದ ರಸ್ತೆಗಳನ್ನು ಕಟ್ಟಿದವರಾರೆಂದು ಆತನು ಒಂದು ಗಳಿಗೆ ಯೋಚಿಸಬಹುದು.

ದಾಶಿಯ ತೊಡಕಿನಿಂದ ಬೇಸತ್ತ ಸಸ್ಯಾಹಾರಿಗೂ ಒಂದು ದಾರಿಯಿದೆ. ನಂಬ ನಿಲ್ದಾಣದಿಂದಲೇ ಹೊರಡುವ ರೈಲೊಂದು ಸುಮಾರು ಎರಡು ಗಂಟೆಗಳಲ್ಲಿ ಕೋಯಾ ಪರ್ವತದ ಬುಡವನ್ನು ಸೇರುತ್ತದೆ. ಅಲ್ಲಿಂದ ಮೇಲಕ್ಕೆ ಹಗ್ಗದಿಂದ ಎಳೆಯುವ ಬಂಡಿ. ಕೂಕಾಯ್ ಎಂಬ ಬೌದ್ಧಗುರುವಿಗೆ 816ರಲ್ಲಿ ಚಕ್ರವರ್ತಿಯು ಈ ಬೆಟ್ಟವನ್ನು ಕೊಟ್ಟನು. ಚೀನಾದಲ್ಲಿದ್ದಾಗ ಕೂಕಾಯ್ ಅವರು ಭಾರತದ ವಾಯವ್ಯ ಗಡಿಯ ಕಡೆಯಿಂದ ಬಂದಿದ್ದ ಪ್ರಜ್ಞ ಎಂಬ ಭಿಕ್ಷುವಿನ ಬಳಿ ಸಂಸ್ಕೃತವನ್ನು ಕಲಿತಿದ್ದರು. ಬ್ರಾಹ್ಮೀ ಲಿಪಿಯ ಸಂತಾನವಾದ ಸಿದ್ಧಂ ಅಕ್ಷರಗಳು ಇಂದಿಗೂ ಅಲ್ಲಿನ ಸಮಾಧಿಗಳ ಮೇಲೆ ಕಾಣಸಿಗುತ್ತವೆ. ಬೆಟ್ಟದ ಮೇಲಿನ ನೂರಕ್ಕೂ ಹೆಚ್ಚು ದೇವಾಲಯಗಳಲ್ಲಿ ಸುಮಾರು ಐವತ್ತು ದೇವಾಲಯಗಳು ಯಾತ್ರಿಕರಿಗೆ ತಂಗಲು ಕೋಣೆ ಕೊಡುತ್ತವೆ. ಅಲ್ಲಿ ಬಡಿಸುವುದು ಭಿಕ್ಷುಗಳ ಊಟ. ಅದರಲ್ಲಿ ಮಾಂಸವಿಲ್ಲ, ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ಇಲ್ಲ.

ಸಂಜೆ ಐದೂವರೆ ಆರರ ಹೊತ್ತಿಗೇ ಊಟ ಬರುತ್ತದೆ. ಕೆಂಪು ಅರಗಿನ ಮಣೆಯ ಮೇಲೆ ಪುಟ್ಟಪುಟ್ಟ ಬಟ್ಟಲುಗಳು: ಎಳ್ಳಿನ ಹಾಲನ್ನು ಗಟ್ಟಿಮಾಡಿ ಕೊಯ್ದ ತುಂಡು, ಚಳಿಯಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ ತೋಫು, ಬೆಟ್ಟದ ಸೊಪ್ಪು, ಉಪ್ಪಿನಲ್ಲಿ ನೆನೆಸಿದ ಮೂಲಂಗಿ, ಅನ್ನ. ಒಂದು ಬಟ್ಟಲಿನಲ್ಲಿ ತಿಳಿಯಾದ ಸಾರು. ಅದಕ್ಕೆ ಮೀನು ಸೋಕಿಲ್ಲ. ಒಣಗಿಸಿದ ಅಣಬೆಯೂ ಉತ್ತರದ ಕಡಲಿನ ಕೊಂಬುವೂ ಸೇರಿ ಅದಕ್ಕೆ ರುಚಿ ಕೊಟ್ಟಿವೆ. ಊಟ ಮುಗಿದ ಮೇಲೆ ಭಿಕ್ಷುವೊಬ್ಬನು ಮಣೆಯನ್ನು ಎತ್ತಿಕೊಂಡು, ಹಾಸಿಗೆಯನ್ನು ಹಾಸಿ, ಬೆಳಗಿನ ಪೂಜೆಯ ಹೊತ್ತನ್ನು ತಿಳಿಸಿ ಬಾಗಿಲನ್ನು ಸರಿಸಿಕೊಂಡು ಹೋಗುತ್ತಾನೆ.